ಮಕ್ಕಳಿಗಾಗಿ ನೋಡುವುದು

ಮರೆತುಹೋದ ಸುಖವು ಸುಖವೆನಿಸಿಕೊಳ್ಳುವುದೆ? ಈ ಪ್ರಶ್ನೆಯು ಮೇಲುನೋಟಕ್ಕೆ ತರ್ಕಪ್ರಿಯರ ವಿನೋದವೆಂದು ತೋರಬಹುದು. ಆದರೆ ಎಳೆಯ ಮಕ್ಕಳನ್ನು ಕರೆದುಕೊಂಡು ಪರದೇಶದಲ್ಲಿ ಪ್ರೇಕ್ಷಣೀಯ ಸ್ಥಳಗಳನ್ನು ನೋಡಹೊರಡುವ ಗೃಹಸ್ಥನಿಗೆ ಇದು ಕೈಯ ಹಣಕ್ಕೂ ಕಾಲಿನ ಬಲಕ್ಕೂ ಮನೆಯ ಸಮಾಧಾನಕ್ಕೂ ಸಂಬಂಧಪಟ್ಟ ಮಾತು. ಈಗ ನಮ್ಮ ಜಿಲ್ಲೆಯಂಥ ಒಳನಾಡಿನಲ್ಲಿಯೂ ಮಗನೋ ಮಗಳೋ ಸಮುದ್ರದಾಚೆ ಉದ್ಯೋಗದಲ್ಲಿರುವ ಮನೆಗಳು ವಿರಳವಲ್ಲ. ಅಜ್ಜ ಅಜ್ಜಿಯರು ಆರು ತಿಂಗಳ ಮಟ್ಟಿಗೆ ಹೋಗಿ ಬರುತ್ತಾರೆ; ಬಂದವರು ಜಗಲಿಯ ಮೇಲೆ ಕುಳಿತು ಅಲ್ಲಿಯ ವೈಭವವನ್ನು ವರ್ಣಿಸುತ್ತಾರೆ; ಕೇಳಿದವರಲ್ಲಿ ಒಬ್ಬರಾದರೂ, "ಅದೆಲ್ಲ ಸರಿ ಸ್ವಾಮಿ, ಆ ಮೂರು ವರ್ಷದ ಕೂಸಿಗೆ ಏನು ತಿಳಿಯಿತು?" ಎನ್ನದೆ ಬಿಡುವುದಿಲ್ಲ.

ಈ ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಣಿತದ ಉಪಾಧ್ಯಾಯರಾಗಿದ್ದ ನನ್ನ ಸ್ನೇಹಿತರೊಬ್ಬರು ಇದನ್ನು ಲೆಕ್ಕದ ರೂಪದಲ್ಲಿಯೇ ಮಂಡಿಸುತ್ತಾರೆ. ನೆನಪು ನಿಲ್ಲುವ ವಯಸ್ಸು ಬರುವ ತನಕ ಮಗುವಿಗೆ ತೋರಿಸಿದ್ದೆಲ್ಲ ತೂತುಗಡಿಗೆಗೆ ಹೊಯ್ದ ನೀರು; ಆದಕಾರಣ ಅಂಥ ಮಗುವಿಗೆ ಲಂಡನ್ನೂ ಒಂದೇ, ಊರ ಸಂತೆಯೂ ಒಂದೇ; ಸಂತೆಗೆ ಖರ್ಚು ಕಡಮೆ. ಇದಕ್ಕೆ ಎದುರಾಗಿ ಹೇಳುವವರ ವಾದವೂ ಉಂಟು. ನೆನಪು ಅಳಿದರೂ ಸಂಸ್ಕಾರ ಉಳಿಯುತ್ತದೆ, ಅದು ಒಳಗೊಳಗೇ ಬೆಳೆದು ಮುಂದೆ ಬುದ್ಧಿಯಾಗಿಯೋ ರಸಿಕತೆಯಾಗಿಯೋ ಫಲಿಸುತ್ತದೆ ಎಂಬುದು ಅವರ ಮತ. ಈ ಎರಡು ವಾದಗಳೂ ಪರಸ್ಪರ ವಿರುದ್ಧವೆಂದು ತೋರಿದರೂ ಒಂದೇ ಅಂಗಡಿಯ ತಕ್ಕಡಿಗಳು. ಒಬ್ಬರು ಬಂಡವಾಳ ಮುಳುಗಿತು ಎನ್ನುತ್ತಾರೆ, ಇನ್ನೊಬ್ಬರು ಬಡ್ಡಿ ಕಾಣದಂತೆ ಬೆಳೆಯುತ್ತಿದೆ ಎನ್ನುತ್ತಾರೆ. ಬಂಡವಾಳದ ಮಾತನ್ನು ಬಿಟ್ಟು ಆ ದಿನವನ್ನು ದಿನವಾಗಿ ನೋಡಲು ಇಬ್ಬರಿಗೂ ಮನಸ್ಸಿಲ್ಲ.

ನಮ್ಮ ಹಿರಿಯರಿಗೆ ಈ ಸಂದೇಹ ಹುಟ್ಟಲು ಎಡೆಯಿರಲಿಲ್ಲ. ಅವರು ಹೋಗುತ್ತಿದ್ದುದು ತೀರ್ಥಯಾತ್ರೆಗೆ. ಅಲ್ಲಿ ಸಂಕಲ್ಪವುಂಟು, ಫಲಶ್ರುತಿಯುಂಟು. ಕಂಕುಳ ಕೂಸನ್ನು ಕಾವೇರಿಯಲ್ಲಿ ಮುಳುಗಿಸಿ ಎತ್ತಿದರೆ ಪುಣ್ಯವು ಕೂಸಿಗೂ ಬಂದಿತೆಂದು ನಿಶ್ಚಿಂತೆಯಾಗಿರುತ್ತಿದ್ದರು. ಕೇವಲ ನೋಡುವುದಕ್ಕಾಗಿಯೇ ಒಂದು ಹಗಲನ್ನು ಮೀಸಲಿಟ್ಟು ಸಂಸಾರ ಸಮೇತ ಹೊರಡುವುದು, ಸಾಮಾನ್ಯ ಜನರ ಪಾಲಿಗೆ, ರೈಲುಗಾಡಿಯೊಡನೆ ಬೆಳೆದ ಪದ್ಧತಿ. 1841ನೆಯ ಇಸವಿ ಜುಲೈ 5ರಂದು ಥಾಮಸ್ ಕುಕ್ ಎಂಬ ಮದ್ಯಪಾನವಿರೋಧಿಯಾದ ಆಂಗ್ಲೇಯನು ಲೆಸ್ಟರ್ ಪಟ್ಟಣದಿಂದ ಲಫ್‌ಬರೋ ಎಂಬ ಊರಿನ ಪಾನನಿರೋಧ ಸಭೆಗೆ ಸುಮಾರು 500 ಜನರನ್ನು ತಲೆಗೊಂದು ಷಿಲಿಂಗಿನಂತೆ ರೈಲಿನಲ್ಲಿ ಕರೆದೊಯ್ದನು. ಹತ್ತು ವರ್ಷದ ತರುವಾಯ, 1851ರಲ್ಲಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆಯೊಂದನ್ನು ಕಟ್ಟಿ ಮಹಾಪ್ರದರ್ಶನವನ್ನು ನಡೆಸಿದಾಗ ಸುಮಾರು 60 ಲಕ್ಷ ಪ್ರವೇಶಗಳಾದವು. ಅವರಲ್ಲಿ ಲಕ್ಷಕ್ಕೆ ಮೀರಿದ ಜನರನ್ನು ತಂದವನು ಇದೇ ಕುಕ್. ಆತನ ಹೆಸರಿನ ಸಂಸ್ಥೆಯು 178 ವರ್ಷ ಬಾಳಿ 2019ರ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿತು. ಆದರೆ ಪ್ರದರ್ಶನದಲ್ಲಿ ಮಿಕ್ಕ ಹಣದಿಂದ ಕೊಂಡ ನೆಲ ಹಾಗೆಯೇ ಇದೆ. ಸೌತ್ ಕೆನ್ಸಿಂಗ್ಟನ್ ಎಂಬ ಆ ಭಾಗದಲ್ಲಿ ಒಂದರ ಮಗ್ಗುಲಲ್ಲಿ ಒಂದಾಗಿ ದೊಡ್ಡ ವಸ್ತುಸಂಗ್ರಹಾಲಯಗಳು ಎದ್ದಿವೆ. ನಾನು ಉದಾಹರಣೆಗಾಗಿ ತೆಗೆದುಕೊಳ್ಳುವ ದಿನದ ಹೆಚ್ಚಿನ ಹೊತ್ತು ಕಳೆದದ್ದು ಅಲ್ಲಿಯೇ.

ಅದು 2019ರ ಜುಲೈ ತಿಂಗಳು. ಅಳಿಯಂದಿರನ್ನು ಅವರ ಕಚೇರಿಯವರು ಎರಡು ವರ್ಷದ ಮಟ್ಟಿಗೆ ಲಂಡನ್ನಿಗೆ ಕಳುಹಿಸಿದ್ದರು. ನಾನು ನಿವೃತ್ತನಾದ ಮರುವರ್ಷ ನಾವು ದಂಪತಿಗಳು ಮಗಳ ಮನೆಗೆ ಹೋಗಿದ್ದೆವು. ಅವರು ಮೈಸೂರಿಗೆ ಮರಳಲು ಇನ್ನು ಮೂರು ವಾರವಿತ್ತು. ಎರಡು ವರ್ಷ ಅಲ್ಲಿದ್ದರೂ ಮಕ್ಕಳಿಗೆ ಹೆಚ್ಚೇನನ್ನೂ ತೋರಿಸಿರಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ, ಹಳೇಬೀಡಿನ ಸುತ್ತಿನ ಹಳ್ಳಿಗಳಲ್ಲಿ ಹಳೇಬೀಡನ್ನು ನೋಡದ ಮುದುಕರನ್ನು ನಾನು ಬಲ್ಲೆ. ಹೊರಡುವ ದಿನ ಹತ್ತಿರವಾದಾಗ ಅಳಿಯಂದಿರಿಗೆ ಆತುರ ಹತ್ತಿತು. ಒಂದು ಶನಿವಾರಕ್ಕೆ ಪಟ್ಟಿ ಸಿದ್ಧವಾಯಿತು: ತಿಮಿಂಗಿಲದ ಅಸ್ಥಿಪಂಜರ, ಟೀಪುವಿನ ಹುಲಿ, ಪಾರ್ಲಿಮೆಂಟಿನ ಗಡಿಯಾರ ಗೋಪುರ, ಥೇಮ್ಸ್ ದಂಡೆಯ ಬಸವೇಶ್ವರರ ಪ್ರತಿಮೆ. ಮೊಮ್ಮಗನಿಗೆ ಆಗ ಆರು ವರ್ಷ, ಮೊಮ್ಮಗಳಿಗೆ ಮೂರು.

ಅವರ ಮನೆಯಿದ್ದ ಹೌನ್ಸ್‌ಲೋ ಎಂಬುದು ವಿಮಾನನಿಲ್ದಾಣಕ್ಕೆ ಹತ್ತಿರ. ನೆತ್ತಿಯ ಮೇಲೆಯೇ ವಿಮಾನಗಳು ಇಳಿಯುತ್ತವೆ. ಅಲ್ಲಿಂದ ಪಿಕಾಡಿಲಿ ಮಾರ್ಗದ ರೈಲು ಬಹುದೂರ ಬಯಲಿನಲ್ಲಿಯೇ ಓಡಿ, ಬ್ಯಾರನ್ಸ್ ಕೋರ್ಟ್ ಎಂಬ ನಿಲ್ದಾಣವನ್ನು ಬಿಟ್ಟ ಮೇಲೆ ನೆಲದೊಳಕ್ಕೆ ಹೊಗುತ್ತದೆ. ಕಿಟಕಿ ಒಮ್ಮೆಗೇ ಕಪ್ಪಾಗಿ ಅದರಲ್ಲಿ ತನ್ನ ಮುಖವೇ ಕಾಣಿಸಿದಾಗ ಮೊಮ್ಮಗಳು ಕಿರುಚಿ ನಕ್ಕಳು. ಆ ದಿನ ಅವಳು ಅಷ್ಟು ನಕ್ಕದ್ದು ಇನ್ನೆಲ್ಲಿಯೂ ಇಲ್ಲ. ಸೌತ್ ಕೆನ್ಸಿಂಗ್ಟನ್ನಿನಲ್ಲಿ ಇಳಿದ ಮೇಲೆ ನಿಲ್ದಾಣದಿಂದ ಸಂಗ್ರಹಾಲಯಗಳ ಬಾಗಿಲ ವರೆಗೆ ಜನರು ನಡೆದುಹೋಗಲು 1885ರಲ್ಲಿ ಕಟ್ಟಿದ ಸುರಂಗಮಾರ್ಗವೊಂದಿದೆ. ಅದರಲ್ಲಿ ಒಬ್ಬನು ಪಿಟೀಲು ಬಾರಿಸುತ್ತ ನಿಂತಿದ್ದನು. ಇಬ್ಬರು ಮಕ್ಕಳೂ ನಿಂತುಬಿಟ್ಟರು. ಅಳಿಯಂದಿರು ಗಡಿಯಾರ ನೋಡಿದರು. ಆ ಪಿಟೀಲುಗಾರನು ಪಟ್ಟಿಯಲ್ಲಿ ಇರಲಿಲ್ಲ.

ಪ್ರಾಕೃತಿಕ ಇತಿಹಾಸದ ಸಂಗ್ರಹಾಲಯವು 1881ರಲ್ಲಿ ತೆರೆದದ್ದು. ವಾಟರ್‌ಹೌಸ್ ಎಂಬ ಶಿಲ್ಪಿ ಸುಟ್ಟಮಣ್ಣಿನ ಇಟ್ಟಿಗೆ ಫಲಕಗಳಿಂದ ಅದನ್ನು ದೇವಾಲಯದಂತೆ ಕಟ್ಟಿಸಿದ್ದಾನೆ. ಒಳಹೊಕ್ಕೊಡನೆ ದೊರೆಯುವ ಮಹಾಮಂಟಪದಲ್ಲಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಎಲುಬುಗೂಡು, ಕೆಳಕ್ಕೆ ಧುಮುಕುವ ಭಂಗಿಯಲ್ಲಿ, ಮಾಳಿಗೆಯಿಂದ ತೂಗುತ್ತಿದೆ. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ತೀರದಲ್ಲಿ ನೀರು ಸಾಲದೆ ಸಿಕ್ಕಿಬಿದ್ದು ಸತ್ತ ಜೀವ ಅದು. 2017ರಲ್ಲಿ ಈ ಮಂಟಪಕ್ಕೆ ಬಂದಾಗ ಅದಕ್ಕೆ 'ಆಶೆ' ಎಂಬ ಅರ್ಥದ ಹೆಸರಿಟ್ಟರು; ಬೇಟೆಯಿಂದ ನಶಿಸಿಹೋಗುವಂತಿದ್ದ ಜಾತಿಯೊಂದನ್ನು ಮನುಷ್ಯರು ಮನಸ್ಸು ಮಾಡಿ ಉಳಿಸಿಕೊಂಡರೆಂಬುದಕ್ಕೆ ಅದು ಗುರುತಂತೆ. ಹಿರಿಯರಾದ ನಾವು ನಾಲ್ವರೂ ಕತ್ತೆತ್ತಿ ಬೆರಗಾಗಿ ನಿಂತೆವು. ಮೊಮ್ಮಗನು ಮಾತ್ರ ಬೇರೆ ಕಡೆ ಕೈ ತೋರಿಸಿ, "ತಾತಾ, ಕೋತಿ!" ಎಂದನು. ನೋಡಿದರೆ ಮಂಟಪದ ಕಮಾನುಗಳ ಅಂಚಿನಲ್ಲಿ ಮಣ್ಣಿನ ಸಣ್ಣ ಸಣ್ಣ ಕೋತಿಗಳು ಸಾಲಾಗಿ ಮೇಲಕ್ಕೆ ಹತ್ತುತ್ತಿದ್ದವು. ವಾಟರ್‌ಹೌಸ್ ಸ್ವತಃ ಚಿತ್ರ ಬರೆದು ಮಾಡಿಸಿದ ಈ ಪ್ರಾಣಿಗಳಲ್ಲಿ ಅಳಿದುಹೋದ ಜಾತಿಗಳಿಗೆ ಪೂರ್ವದ ಪಾರ್ಶ್ವವನ್ನೂ ಬದುಕಿರುವವಕ್ಕೆ ಪಶ್ಚಿಮದ ಪಾರ್ಶ್ವವನ್ನೂ ಹಂಚಿಕೊಟ್ಟಿದ್ದಾರೆ. ಆ ಮಂಟಪದಲ್ಲಿ ನೂರಾರು ಜನ ಇದ್ದರು. ಕೋತಿಗಳನ್ನು ನೋಡುತ್ತಿದ್ದವರು ಮಕ್ಕಳು ಮಾತ್ರವೆಂದು ಹೇಳಿದರೆ ಅತಿಶಯೋಕ್ತಿಯಾಗದು.

ವಸ್ತುವನ್ನು ಕಂಡ ಕೂಡಲೆ, ಅದಕ್ಕೆ ಹೆಸರು ಜಾತಿ ಗುಣಗಳನ್ನು ಹಚ್ಚುವುದಕ್ಕೆ ಮೊದಲು, ಹುಟ್ಟುವ ಬರಿಯ ಅರಿವಿಗೆ ನಮ್ಮ ಶಾಸ್ತ್ರಕಾರರು ನಿರ್ವಿಕಲ್ಪಕ ಪ್ರತ್ಯಕ್ಷವೆಂದು ಹೆಸರಿಟ್ಟರು. ಅದು ಎಂಥದೆಂದು ತಿಳಿಸಲು ಕುಮಾರಿಲಭಟ್ಟರು ಎಳೆಮಕ್ಕಳ ಮತ್ತು ಮೂಕರ ಅರಿವನ್ನು ಹೋಲಿಕೆ ಕೊಟ್ಟಿದ್ದಾರೆ. ಪಾಠಶಾಲೆಯಲ್ಲಿ ಈ ಭಾಗವನ್ನು ಓದಿದಾಗ ಅದು ಅಪೂರ್ಣವಾದ ಜ್ಞಾನ, ಸವಿಕಲ್ಪಕಕ್ಕೆ ಏರುವ ಮೊದಲ ಮೆಟ್ಟಿಲು ಎಂದಷ್ಟೇ ಗ್ರಹಿಸಿ ಮುಂದೆ ಹೋಗುವುದು ವಾಡಿಕೆ. ಸಂಗ್ರಹಾಲಯದಲ್ಲಿ ನಿಂತು ನೋಡಿದರೆ ಮೆಟ್ಟಿಲ ಮಾತು ಅಷ್ಟು ಸರಳವೆನಿಸುವುದಿಲ್ಲ. ಪ್ರೌಢರು ಮೊದಲು ಫಲಕವನ್ನು ಓದುತ್ತಾರೆ, ಆಮೇಲೆ ವಸ್ತುವಿನತ್ತ ಒಂದು ಸಾರಿ ಕಣ್ಣು ಹಾಯಿಸಿ ಫಲಕವು ಹೇಳಿದ್ದು ಅಲ್ಲಿರುವುದೆಂದು ಖಚಿತ ಮಾಡಿಕೊಳ್ಳುತ್ತಾರೆ, ಆಮೇಲೆ ದೂರವಾಣಿಯಿಂದ ಛಾಯಾಚಿತ್ರ ತೆಗೆಯುತ್ತಾರೆ. ನೋಡುವ ಕೆಲಸವನ್ನು ಓದುವವನಿಗೂ ಯಂತ್ರಕ್ಕೂ ಹಂಚಿಕೊಟ್ಟ ಮೇಲೆ ಕಣ್ಣಿಗೆ ಉಳಿದದ್ದೇನು? ಓದು ಬಾರದ ಮಗುವಿಗೆ ಕಣ್ಣಲ್ಲದೆ ಬೇರೆ ಗತಿಯಿಲ್ಲ.

ಅಲ್ಲಿಯೇ ಕೆಳಗಣ ಅಂತಸ್ತಿನಲ್ಲಿ ಬುತ್ತಿ ಬಿಚ್ಚಿ ಚಿತ್ರಾನ್ನ ಮೊಸರನ್ನ ಮುಗಿಸಿ, ರಸ್ತೆ ದಾಟಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯಕ್ಕೆ ಹೋದೆವು. ಆ ದಿನದ ಪಟ್ಟಿಯಲ್ಲಿ ನಾನು ಸ್ವಂತವಾಗಿ ಸೇರಿಸಿದ್ದು ಟೀಪುವಿನ ಹುಲಿಯೊಂದನ್ನೇ. ಮೂವತ್ತು ವರ್ಷ ಶಾಲೆಯ ಹುಡುಗರನ್ನು ಶ್ರೀರಂಗಪಟ್ಟಣಕ್ಕೆ ಪ್ರವಾಸ ಕರೆದೊಯ್ದು, 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಭವನದ ಗೋಡೆಯ ಚಿತ್ರಗಳ ಮುಂದೆ ನಿಂತು, ಇಂಥದೊಂದು ಹುಲಿಯಿತ್ತು, ಈಗ ಅದು ಲಂಡನ್ನಿನಲ್ಲಿದೆ, ಎಂದು ಹೇಳುತ್ತ ಬಂದವನಿಗೆ ಅದನ್ನು ಕಣ್ಣಾರೆ ನೋಡುವ ಆಶೆಯಿರುವುದು ಸಹಜ. ಆರು ಅಡಿಗೆ ತುಸು ಕಡಮೆಯಾದ ಉದ್ದದ, ಬಣ್ಣ ಬಳಿದ ಮರದ ಹುಲಿ. ಅದರ ಕೆಳಗೆ ಅಂಗಾತನಾಗಿ ಬಿದ್ದಿರುವ ಯೂರೋಪಿಯನ್ ಮನುಷ್ಯ. ಹಿಡಿಕೆಯನ್ನು ತಿರುಗಿಸಿದರೆ ಮನುಷ್ಯನ ಕೈ ಏರಿ ಇಳಿದು ಗೋಳಾಟದ ಸದ್ದು ಕೇಳುತ್ತಿತ್ತು, ಹುಲಿ ಗುರುಗುಟ್ಟುತ್ತಿತ್ತು; ಪಕ್ಕೆಯ ಬಾಗಿಲೊಳಗೆ ನುಡಿಸುವ ವಾದ್ಯವೊಂದಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಇದನ್ನು ವಶಪಡಿಸಿಕೊಂಡು ಸಾಗಿಸಿದರು. 1808ರಿಂದ ಲಂಡನ್ನಿನ ಕಂಪೆನಿಯ ಕಚೇರಿಯಲ್ಲಿ ಜನರ ನೋಟಕ್ಕೆ ಇಟ್ಟಿದ್ದರು. ಬಂದವರೆಲ್ಲ ಹಿಡಿಕೆ ತಿರುಗಿಸಿ ಗುರುಗುಟ್ಟಿಸುತ್ತಿದ್ದುದರಿಂದ ಅಲ್ಲಿಯ ಪುಸ್ತಕಾಲಯದಲ್ಲಿ ಓದುವವರಿಗೆ ಬಹಳ ತೊಂದರೆಯಾಯಿತಂತೆ. 1880ರಲ್ಲಿ ಈ ಸಂಗ್ರಹಾಲಯಕ್ಕೆ ಸೇರಿತು. ನಾವು ನೋಡಿದಾಗ ಗಾಜಿನ ಪೆಟ್ಟಿಗೆಯೊಳಗೆ ಮೌನವಾಗಿತ್ತು.

ಮೊಮ್ಮಗನು ಗಾಜಿಗೆ ಮೂಗು ಒತ್ತಿ, "ಇದು ಯಾರ ಆಟದ ಸಾಮಾನು?" ಎಂದನು. ಟೀಪು ಸುಲ್ತಾನನದೆಂದೂ ಮೈಸೂರಿಗೆ ಹತ್ತಿರದ ಶ್ರೀರಂಗಪಟ್ಟಣದಲ್ಲಿ ಇತ್ತೆಂದೂ ಹೇಳಿದೆನು.

"ಇಲ್ಲಿಗೆ ಯಾರು ತಂದರು ತಾತ?"

"ಯುದ್ಧದಲ್ಲಿ ಗೆದ್ದವರು ತಂದರಪ್ಪ."

"ಕೇಳಿ ತಂದರೆ?"

ಮಗಳು ನನ್ನ ಕಡೆ ನೋಡಿದಳು. ರಜೆಯ ದಿನ, ನಗುತ್ತಿರುವ ಮಗು, ಸುತ್ತಲೂ ಆ ದೇಶದ ಜನ. ಇಲ್ಲಿ ಲೂಟಿ ಕೊಲೆಗಳ ಕಥೆ ಏತಕ್ಕೆ ಎಂಬ ಭಾವ ಅವಳ ಮುಖದಲ್ಲಿತ್ತು, ಮತ್ತು ಅದು ತಾಯಿಗೆ ತಕ್ಕ ಭಾವವೇ. ನಾನು "ಕೇಳಿ ತರಲಿಲ್ಲ" ಎಂದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, ಕೆಳಗೆ ಬಿದ್ದ ಮನುಷ್ಯನನ್ನು ತೋರಿಸಿ, "ಇವನಿಗೆ ನೋವಾಗುತ್ತಿದೆಯೆ?" ಎಂದನು. "ಹಾಗೆ ಕಾಣುವಂತೆ ಮಾಡಿದ್ದಾರೆ" ಎಂದೆನು. ಅಷ್ಟಕ್ಕೆ ಅವನಿಗೆ ಸಾಕಾಯಿತು.

ಮಗುವಿನ ಪ್ರಶ್ನೆಗೆ ಉತ್ತರವು ಪ್ರಶ್ನೆಯಷ್ಟೇ ದೊಡ್ಡದಾಗಿರಬೇಕೆಂಬುದು ನನ್ನ ಉಪಾಧ್ಯಾಯ ವೃತ್ತಿಯ ಅನುಭವ. ಟೀಪುವಿನ ರಾಜ್ಯಭಾರದ ಗುಣದೋಷಗಳನ್ನು ಅವನು ಕೇಳಲಿಲ್ಲ, ಕಂಪೆನಿಯ ಇತಿಹಾಸವನ್ನು ಕೇಳಲಿಲ್ಲ. ಕೇಳಿ ತಂದರೆ ಎಂದು ಕೇಳಿದನು. ಅದಕ್ಕೆ ಇಲ್ಲ ಎಂಬುದೊಂದೇ ನಿಜವಾದ ಉತ್ತರ. ಅದನ್ನು ಸಿಹಿ ಮಾತಿನಲ್ಲಿ ಮುಚ್ಚುವುದಾದರೆ ಅಲ್ಲಿಗೆ ಕರೆದೊಯ್ಯಬಾರದು. ಕಂಡದ್ದನ್ನು ತೋರಿಸಿ ಕೇಳಿದ್ದನ್ನು ಮರೆಸಿದರೆ ಅದು ತೋರಿಸಿದಂತಾಗುವುದಿಲ್ಲ. ಹಾಗೆಯೇ, ಕೊಲ್ಲುವ ಹುಲಿಯ ಚಿತ್ರದಲ್ಲಿ ಹೆಮ್ಮೆಪಡಬೇಕೆಂದು ಮಗುವಿಗೆ ಕಲಿಸುವ ಅಧಿಕಾರವೂ ನಮಗಿಲ್ಲ. ನೋವಾಗುತ್ತಿದೆಯೆ ಎಂದು ಕೇಳಿದ ಆ ಮಗುವಿನ ಮುಂದೆ ನಮ್ಮವರು ಅವರವರು ಎಂಬ ಮಾತು ತೆಗೆಯಲು ನನಗೆ ನಾಲಗೆ ಬರಲಿಲ್ಲ.

ಸಂಗ್ರಹಾಲಯದ ನಡುವೆ ತೆರೆದ ಅಂಗಳವಿದೆ. ಅದರಲ್ಲಿ ಅಂಡಾಕಾರದ ಒಂದು ಕೊಳ. ಆಳವೆಂದರೆ ಮಕ್ಕಳ ಮೊಳಕಾಲಿಗೂ ಬಾರದು. ಬೇಸಗೆಯಲ್ಲಿ ಊರಿನ ಮಕ್ಕಳೆಲ್ಲ ಬಟ್ಟೆ ಮೇಲೆತ್ತಿಕೊಂಡು ಅದರಲ್ಲಿ ಓಡಾಡುತ್ತವೆ, ಕಾವಲುಗಾರರು ಗದರಿಸುವುದಿಲ್ಲ. ನಮ್ಮವರೂ ಇಳಿದರು. ಇಳಿದವರು ಮೇಲೆ ಬರಲೊಲ್ಲರು. ಅರ್ಧ ಗಂಟೆ ಕಳೆಯಿತು, ಮುಕ್ಕಾಲು ಗಂಟೆ ಕಳೆಯಿತು. ಸುತ್ತಲಿನ ಕಟ್ಟಡದೊಳಗೆ ಲೋಕದ ಐದು ಸಾವಿರ ವರ್ಷದ ಕಲೆಯೆಲ್ಲ ಕಾದಿತ್ತು. ಅಳಿಯಂದಿರು ಬೆಂಚಿನ ಮೇಲೆ ಕುಳಿತು, "ನೋಡಿ ಮಾವ, ಈ ನೀರಾಟಕ್ಕೆ ನಮ್ಮೂರ ಕೆರೆ ಸಾಕಾಗಿತ್ತು" ಎಂದು ನಿಟ್ಟುಸಿರು ಬಿಟ್ಟರು. ನನ್ನ ಮನೆಯವರು ಮಾತ್ರ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಕುಳಿತುಬಿಟ್ಟರು. ಆ ದಿನ ಎಲ್ಲರಿಗಿಂತ ಕಡಮೆ ನೋಡಿದವರು ಅವರು. ಪಶ್ಚಾತ್ತಾಪದ ಒಂದು ಮಾತನ್ನೂ ಅವರಿಂದ ನಾನು ಕೇಳಿಲ್ಲ.

ಅದೇ ಅಂಗಳದಲ್ಲಿ ಇನ್ನೊಂದು ಸಂಸಾರವಿತ್ತು. ನಮ್ಮ ದೇಶದವರೇ, ಬೇರೆ ಭಾಷೆಯವರು. ತಂದೆಯು ಅಳುತ್ತಿದ್ದ ಹುಡುಗನ ತೋಳು ಹಿಡಿದು, ನಿನಗೋಸ್ಕರ ಇಷ್ಟು ದೂರ ಬಂದೆವು, ಇಷ್ಟು ಹಣ ಸುರಿದೆವು, ನಿನಗೆ ಬೆಲೆಯೇ ತಿಳಿಯದು ಎಂದು ಗದರಿಸುತ್ತಿದ್ದನು. ಹುಡುಗನಿಗೆ ಐದು ವರ್ಷವಿರಬಹುದು. ಅವನು ಬರುತ್ತೇನೆಂದು ಕೇಳಿಕೊಂಡಿದ್ದನೆ? ಲಂಡನ್ ಎಂಬ ಊರಿದೆಯೆಂದು ಅವನಿಗೆ ಹೇಳಿದವರು ಯಾರು? ಕೊಡದ ಸಾಲಕ್ಕೆ ಪತ್ರ ಬರೆಯಿಸಿಕೊಂಡು ವಸೂಲಿಗೆ ನಿಂತಂತೆ ಇತ್ತು ಆ ನೋಟ.

ಈ ದೇಶಸಂಚಾರದ ಧರ್ಮಸೂಕ್ಷ್ಮವಿರುವುದು ಇಲ್ಲಿ, ನೆನಪಿನ ವಿಷಯದಲ್ಲಲ್ಲ ಎಂದು ನನ್ನ ಅಭಿಪ್ರಾಯ. ಮಕ್ಕಳಿಗಾಗಿ ಎಂದು ನಾವು ಹೇಳುವ ಮಾತಿನಲ್ಲಿ ಬಹುಭಾಗ ಸತ್ಯವಲ್ಲ. ತಿಮಿಂಗಿಲವನ್ನು ನೋಡಬೇಕೆಂದಿದ್ದವರು ಅಳಿಯಂದಿರು, ಹುಲಿಯನ್ನು ನೋಡಬೇಕೆಂದಿದ್ದವನು ನಾನು, ಬಸವಣ್ಣನವರನ್ನು ನೋಡಬೇಕೆಂದಿದ್ದವರು ನನ್ನ ಮನೆಯವರು. ಈ ಆಶೆಗಳಲ್ಲಿ ತಪ್ಪೇನೂ ಇಲ್ಲ. ಗೃಹಸ್ಥನಾದ ಮಾತ್ರಕ್ಕೆ ಕಣ್ಣಿನ ಹಸಿವು ಇಂಗಬೇಕೆಂದು ಯಾವ ಸ್ಮೃತಿಯೂ ವಿಧಿಸಿಲ್ಲ. ಆದರೆ ತನ್ನ ಆಶೆಯನ್ನು ಮಗುವಿನ ಹೆಸರಿನಲ್ಲಿ ಬರೆಯುವುದು ಅನೃತ. ಈ ಅನೃತಕ್ಕೆ ದಂಡ ತೆರುವವನು ಹೇಳಿದವನಲ್ಲ, ಮಗು. ತಾನು ಕೇಳದ ಉಪಕಾರಕ್ಕೆ ಕೃತಜ್ಞತೆ ತೋರಿಸಲಿಲ್ಲವೆಂಬ ಅಪವಾದ ಅದರ ತಲೆಯ ಮೇಲೆ ಬೀಳುತ್ತದೆ. "ನನಗೆ ಆ ಹುಲಿಯನ್ನು ನೋಡಬೇಕೆಂದು ಬಹಳ ಆಶೆ, ಸ್ವಲ್ಪ ಹೊತ್ತು ನನ್ನ ಜೊತೆ ಬರುತ್ತೀಯಾ?" ಎಂದು ಕೇಳಿ ನೋಡಿರಿ. ಆರು ವರ್ಷದ ಮಗು ಅತಿಥಿಯನ್ನು ಕರೆದೊಯ್ಯುವ ಯಜಮಾನನ ಗಾಂಭೀರ್ಯದಿಂದ ಕೈಹಿಡಿದು ಬರುತ್ತದೆ. ಬಂದ ಉಪಕಾರಕ್ಕೆ ಆಮೇಲೆ ನಾವೂ ಕೊಳದ ಬಳಿ ಮುಕ್ಕಾಲು ಗಂಟೆ ಕೂಡಬೇಕಾಗುತ್ತದೆ. ಅದು ನ್ಯಾಯವಾದ ವಿನಿಮಯ.

ಇಲ್ಲಿ ಹಣದ ಮಾತು ಸ್ವಲ್ಪ ಬರುತ್ತದೆ. ಆ ದೇಶದಲ್ಲಿ ಸರ್ಕಾರದ ಈ ದೊಡ್ಡ ಸಂಗ್ರಹಾಲಯಗಳ ಕಾಯಂ ಪ್ರದರ್ಶನಗಳಿಗೆ ಪ್ರವೇಶ ಶುಲ್ಕವನ್ನು 2001ರ ಡಿಸೆಂಬರಿನಲ್ಲಿ ಪೂರ್ತಿಯಾಗಿ ತೆಗೆದುಹಾಕಿದರು. ಆ ಏರ್ಪಾಡಿನಿಂದ ಬಡವರಿಗೆ ಪ್ರಯೋಜನವಾದದ್ದು ಸರಿಯೇ. ಮಕ್ಕಳಿಗೆ ಆದ ಪ್ರಯೋಜನವನ್ನು ಯಾರೂ ಎಣಿಸಿದಂತೆ ಕಾಣೆ. ಚೀಟಿಗೆ ಹಣ ತೆತ್ತವನು ತೆತ್ತಷ್ಟನ್ನು ಕಣ್ಣಿನಿಂದ ವಸೂಲು ಮಾಡಿಯೇ ತೀರಬೇಕೆನ್ನುತ್ತಾನೆ. ಕೊಳದ ಬಳಿ ಕಳೆದ ಪ್ರತಿ ನಿಮಿಷವೂ ಅವನ ಚೀಲದಿಂದ ಸೋರಿದ ಕಾಸು. ತೆರದವನು ಕೋತಿಯನ್ನು ನೋಡಿಕೊಂಡು ಮನೆಗೆ ಹೋದರೂ ಯಾರಿಗೂ ನಷ್ಟವಿಲ್ಲ, ನಾಳೆ ಬಂದರಾಯಿತು. ವಿಮಾನದ ಚೀಟಿಗೆ ಲಕ್ಷಗಟ್ಟಲೆ ತೆತ್ತವನಿಗೆ ಈ ಉದಾರಬುದ್ಧಿ ಬರುವುದು ಕಷ್ಟವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕಷ್ಟವೆಂಬುದು ಕರ್ತವ್ಯವನ್ನು ತಪ್ಪಿಸುವುದಿಲ್ಲ.

ಗಡಿಯಾರದ ಗೋಪುರದ ಬಗ್ಗೆ ಬರೆಯುವುದು ಹೆಚ್ಚಿಲ್ಲ. 2017ರಲ್ಲಿ ಅದರ ಜೀರ್ಣೋದ್ಧಾರ ಮೊದಲಾಗಿತ್ತು. ನಾವು ಹೋದಾಗ ನಖಶಿಖಾಂತ ಸಾರುವೆ ಕಟ್ಟಿದ್ದರು, ಹೆಸರಾಂತ ಗಂಟೆಯೂ ಸುಮ್ಮನಿತ್ತು. ಮಗಳಿಗೆ ಬಹಳ ನಿರಾಶೆಯಾಯಿತು. ಮಕ್ಕಳಿಗೆ ಆಗಲಿಲ್ಲ, ಅಷ್ಟು ಎತ್ತರದ ಸಾರುವೆಯನ್ನು ಅವರು ಕಂಡಿರಲಿಲ್ಲ.

ಅಲ್ಲಿಂದ ಸೇತುವೆ ದಾಟಿ, ಹೊಳೆಯ ದಂಡೆಯಲ್ಲಿ ದೊಡ್ಡ ಆಸ್ಪತ್ರೆಯೊಂದರ ಮುಂದಿನ ಕಾಲುದಾರಿ ಹಿಡಿದು, ಲ್ಯಾಂಬೆತ್ ಸೇತುವೆಯ ಆಚೆಯ ತೋಟಕ್ಕೆ ನಡೆದೆವು. ಬಸವೇಶ್ವರರ ಪ್ರತಿಮೆ ಇರುವುದು ಅಲ್ಲಿ; 2015ರ ನವೆಂಬರ್ 14ರಂದು ಭಾರತದ ಪ್ರಧಾನಮಂತ್ರಿಗಳಾದ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಎಲ್ಲ ಕಸುಬಿನವರೂ ಕೂಡಿ ಮಾತಾಡಿದ ಅನುಭವ ಮಂಟಪವನ್ನು ನಡೆಸಿದ ಮಹಾನುಭಾವರು ಹೊಳೆಯ ಆಚೆಯಿಂದ ಆ ದೇಶದ ಪಾರ್ಲಿಮೆಂಟಿಗೆ ಮುಖ ತೋರಿಸುವಷ್ಟು ದೂರದಲ್ಲಿ ನೆಲೆಗೊಂಡಿರುವುದು ಕನ್ನಡಿಗನಿಗೆ ಎದೆ ತುಂಬುವ ವಿಷಯ. ಆದರೆ ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಸಂಜೆ ಐದಾಗಿತ್ತು. ಮೊಮ್ಮಗಳು ತಂದೆಯ ಹೆಗಲ ಮೇಲೆ ನ���ದ್ದೆಹೋಗಿದ್ದಳು. ನನ್ನ ಮನೆಯವರು ಕೈಮುಗಿದರು. ಆಮೇಲೆ ಅಳಿಯಂದಿರ ಹಿಂದಕ್ಕೆ ಹೋಗಿ ಆ ಮಲಗಿದ ಕೂಸಿನ ಎರಡು ಕೈಗಳನ್ನೂ ಹಿಡಿದು ಜೋಡಿಸಿದರು. ಮಗಳು ಅದನ್ನು ಛಾಯಾಚಿತ್ರ ತೆಗೆದಳು.

ನಮ್ಮ ಜಾತ್ರೆಗಳಲ್ಲಿ ತೇರು ಬರುವ ಹೊತ್ತಿಗೆ ನಿದ್ದೆಹೋದ ಮಕ್ಕಳನ್ನು ಹಾಗೆಯೇ ಎತ್ತಿ ಹಿಡಿಯುವುದನ್ನು ಎಲ್ಲರೂ ಕಂಡಿದ್ದಾರೆ. ಮಗು ದೇವರನ್ನು ನೋಡದಿದ್ದರೇನು, ದೇವರು ಮಗುವನ್ನು ನೋಡಿದನಲ್ಲ ಎಂಬುದು ಅದರ ಭಾವ. ದರ್ಶನಕ್ಕೂ ಪ್ರೇಕ್ಷಣೆಗೂ ಇರುವ ಭೇದವಿದು. ದರ್ಶನದಲ್ಲಿ ನೋಟವು ಎರಡು ಕಡೆಯಿಂದ. ಪ್ರೇಕ್ಷಣೆಯಲ್ಲಿ ಒಂದೇ ಕಡೆಯಿಂದ. ತಿಮಿಂಗಿಲದ ಎಲುಬು ಯಾರನ್ನೂ ನೋಡುವುದಿಲ್ಲ. ಹೀಗಿರುವಾಗ ಪ್ರೇಕ್ಷಣೆಗೆ ಹೋದ ಮಗುವನ್ನು ನೋಡುವವರು ಯಾರು? ತಂದೆತಾಯಿಗಳು ನೋಡಬೇಕು, ಬೇರೆ ಯಾರೂ ಇಲ್ಲ. ಅವರ ಕಣ್ಣು ಫಲಕದಲ್ಲಿಯೋ ಗಡಿಯಾರದಲ್ಲಿಯೋ ಇದ್ದರೆ ಆ ಮಗು ಅಷ್ಟು ದೊಡ್ಡ ಊರಿನಲ್ಲಿ ನೋಡುವವರಿಲ್ಲದೆ ಒಂಟಿಯಾಗುತ್ತದೆ.

ಅನ್ನಂಭಟ್ಟರು ತಮ್ಮ ತರ್ಕಸಂಗ್ರಹವನ್ನು ಬಾಲರ ಸುಖಬೋಧೆಗಾಗಿ ಬರೆದುದಾಗಿ ಹೇಳಿಕೊಂಡಿದ್ದಾರೆ. ಅದನ್ನು ಬಾಯಿಪಾಠ ಮಾಡುವ ಬಾಲರು ಪಡುವ ಸುಖ ನಮಗೆ ಗೊತ್ತೇ ಇದೆ! ಇರಲಿ. ವ್ಯಾಖ್ಯಾನ ಪರಂಪರೆಯಲ್ಲಿ ಇಲ್ಲಿ ಒಂದು ಎಚ್ಚರಿಕೆಯುಂಟು: ಬಾಲನೆಂದರೆ ಮೊಲೆಯುಣ್ಣುವ ಕೂಸಲ್ಲ, ವಿಷಯವನ್ನು ಗ್ರಹಿಸುವುದಕ್ಕೂ ಗ್ರಹಿಸಿದ್ದನ್ನು ಧಾರಣ ಮಾಡುವುದಕ್ಕೂ ಸಮರ್ಥನಾದವನು ಎಂದು. ಶಾಸ್ತ್ರಾಭ್ಯಾಸಕ್ಕೆ ಈ ಲಕ್ಷಣ ಯುಕ್ತವಾದದ್ದೇ. ಆದರೆ ಮೂರು ವರ್ಷದ ಮಗುವನ್ನು ಯಾವ ವರ್ಗಕ್ಕೆ ಸೇರಿಸೋಣ? ಅದಕ್ಕೆ ಗ್ರಹಣವಿದೆ, ನಮ್ಮೆಲ್ಲರಿಗಿಂತ ತೀಕ್ಷ್ಣವಾಗಿದೆ, ಧಾರಣವಿಲ್ಲ. ಮೂರು ಮೂರೂವರೆ ವರ್ಷದೊಳಗಿನ ಸಂಗತಿಗಳು ದೊಡ್ಡವರಾದ ಮೇಲೆ ಬಹುಮಟ್ಟಿಗೆ ಯಾರಿಗೂ ನೆನಪಿರುವುದಿಲ್ಲವೆಂದೂ, ಆ ವಯಸ್ಸಿನ ನೆನಪುಗಳು ಕೆಲವು ವರ್ಷ ಇದ್ದು ಏಳೆಂಟನೆಯ ವಯಸ್ಸಿನ ಸುಮಾರಿಗೆ ಅಳಿಸಿಹೋಗುತ್ತವೆಂದೂ ಇಂದಿನ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದರೆ ಧಾರಣವು ಯಾರ ಪಾಲಿನ ಕೆಲಸ? ತಂದೆತಾಯಿ ಅಜ್ಜ ಅಜ್ಜಿಯರ ಪಾಲಿನದು. ಮಗುವಿನ ಗ್ರಹಣಕ್ಕೆ ಧಾರಣವನ್ನು ನಾವು ಸಾಲ ಕೊಡುತ್ತೇವೆ. ಸುರಂಗದ ಕಿಟಕಿಯಲ್ಲಿ ತನ್ನ ಮುಖ ಕಂಡು ಅವಳು ನಕ್ಕದ್ದು ಅವಳಲ್ಲಿ ಇಲ್ಲ, ನನ್ನಲ್ಲಿದೆ. ಆ ನಗು ನಡೆದದ್ದು ಸುಳ್ಳೆಂದು ಯಾವ ತಾರ್ಕಿಕನು ಸಾಧಿಸಿಯಾನು?

ಸಂಸ್ಕಾರವಾದಿಗಳಿಗೆ ನನ್ನದೊಂದು ಮಾತು. ಒಳಗೆ ಏನೋ ಉಳಿದಿದೆ, ಮುಂದೆ ಫಲಿಸುತ್ತದೆ ಎಂಬ ಸಮಾಧಾನ ನನಗೆ ಬೇಡ. ಉಳಿದಿರಬಹುದು, ಇಲ್ಲದೆಯೂ ಇರಬಹುದು. ಹಸಿದ ಮಗುವಿಗೆ ಅನ್ನ ಕೊಡುವಾಗ ಈ ತುತ್ತು ಅದರ ನೆನಪಿನಲ್ಲಿ ನಿಲ್ಲುವುದೆ ಎಂದು ಯಾರೂ ವಿಚಾರಿಸುವುದಿಲ್ಲ. ಸತ್ಯದ ವಿಷಯವೂ ಹೀಗೆಯೇ. ಮೊಮ್ಮಗನಿಗೆ ಈಗ ಹದಿಮೂರನೆಯ ವರ್ಷ ನಡೆಯುತ್ತಿದೆ. ಟೀಪುವಿನ ಹುಲಿಯ ನೆನಪು ಅವನಿಗೆ ಲವಲೇಶವೂ ಇಲ್ಲ. ಕಳೆದ ವರ್ಷ ಯಾವುದೋ ಪುಸ್ತಕದಲ್ಲಿ ಅದರ ಚಿತ್ರವನ್ನು ಕಂಡು, ಇದನ್ನು ನಾವು ನೋಡಿದ್ದೆವೆ ಎಂದು ನನ್ನನ್ನೇ ಕೇಳಿದನು. ತೂಗಿ ನೋಡಿ ಕೊಟ್ಟ ನನ್ನ ಉತ್ತರವು ಹೀಗೆ ಹೇಳಹೆಸರಿಲ್ಲದೆ ಹೋಯಿತು. ಹೋಗಲಿ, ಮರೆತುಹೋಗುವುದೆಂದು ಗೊತ್ತಿದ್ದರೆ ಅಂದು ಸುಳ್ಳು ಹೇಳಬಹುದಾಗಿತ್ತೆ? ಕೊಳವನ್ನು ಅವನು ಮರೆತಿಲ್ಲ. ಪಿಟೀಲುಗಾರನನ್ನೂ ಮರೆತಿಲ್ಲ, ಅವನ ಪೆಟ್ಟಿಗೆಯಲ್ಲಿ ಕೆಂಪು ಮಖಮಲ್ಲು ಇತ್ತೆನ್ನುತ್ತಾನೆ.

ಮೊಮ್ಮಗಳ ವಿಷಯ ಇನ್ನೂ ತೊಡಕಿನದು. ಅವಳಿಗೆ ಹತ್ತು ತುಂಬುತ್ತಿದೆ. ತನಗೆ ಎಲ್ಲವೂ ನೆನಪಿದೆಯೆಂದು ಅವಳು ಸಾಧಿಸುತ್ತಾಳೆ. ತಿಮಿಂಗಿಲವನ್ನು ವರ್ಣಿಸುತ್ತಾಳೆ, ವರ್ಣನೆಯನ್ನು ಕೇಳಿದರೆ ತಾಯಿಯ ದೂರವಾಣಿಯಲ್ಲಿರುವ ಛಾಯಾಚಿತ್ರದ ಅಂಚು ಎಲ್ಲಿ ಮುಗಿಯುತ್ತದೆಯೋ ಅಲ್ಲಿಯೇ ಅವಳ ತಿಮಿಂಗಿಲವೂ ಮುಗಿಯುತ್ತದೆ. ಸಂಸ್ಕಾರದಿಂದ ಮಾತ್ರ ಹುಟ್ಟಿದ್ದು ಸ್ಮೃತಿಯೆಂಬ ಲಕ್ಷಣವನ್ನು ಇಲ್ಲಿ ಹಚ್ಚಿದರೆ ಅದು ನಿಲ್ಲದು. ಚಿತ್ರ ನೋಡಿ ತಿಳಿದದ್ದು, ಮನೆಯವರ ಬಾಯಿಂದ ಕೇಳಿದ್ದು, ಎರಡೂ ಸೇರಿ ಸ್ಮೃತಿಯ ವೇಷ ಹಾಕಿವೆ. ಇದನ್ನು ಅವಳಿಗೆ ತಿಳಿಸಿ ಹೇಳಬೇಕೆ? ನಾವು ಕೊಟ್ಟ ಸಾಲದ ಧಾರಣವನ್ನು ಅವಳು ತನ್ನ ಆಸ್ತಿಯೆಂದು ಖಾತೆ ಮಾಡಿಸಿಕೊಂಡಿದ್ದಾಳೆ. ಅದು ಸುಳ್ಳೆನ್ನಲು ಮನಸ್ಸು ಬರುವುದಿಲ್ಲ. ನಿಜವೆನ್ನಲು ನನ್ನ ನಾಲ್ಕಕ್ಷರದ ತರ್ಕ ಬಿಡುವುದಿಲ್ಲ. ಅವಳ ಅಣ್ಣನಿಗೆ ಇಂಥ ಸಂಕಟವಿಲ್ಲ. ಮೊನ್ನೆ ಊಟಕ್ಕೆ ಕುಳಿತಾಗ ಅವಳು ಬಸವಣ್ಣನವರನ್ನು ಕಂಡದ್ದನ್ನು ಹೇಳುತ್ತಿದ್ದಳು. "ನೀನು ಎಲ್ಲಿ ನೋಡಿದೆ? ನಿದ್ದೆ ಮಾಡುತ್ತಿದ್ದೆ" ಎಂದು ಇವನು ಎದ್ದು ಹೋಗಿ ಆ ಛಾಯಾಚಿತ್ರವನ್ನೇ ತಂದು ಮುಂದೆ ಹಿಡಿದನು. ಅವಳು ಕೈ ತೊಳೆಯದೆ ಬಗ್ಗಿ ಬಹಳ ಹೊತ್ತು ಅದನ್ನು ನೋಡಿದಳು.

"ಕೈ ಮುಗಿದಿದ್ದೇನಲ್ಲ!" ಎಂದಳು.